ನಾಗಾವಿಯ ಸರಸ್ವತೀಭಂಡಾರವೂ ಯೆಹೂದ್ಯರ ಸಭಾಮಂದಿರವೂ



ಚಿಂಚೋಳಿಯ ಸೀಮೆಯ ಚಂದ್ರಂಪಳ್ಳಿಯ ಕಾಡುಗುಡ್ಡಗಳನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಇಳಿದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಬಯಲು ಸಿಕ್ಕುತ್ತದೆ. ಇದು ಕಲ್ಲಿನ ನಾಡು. ಶಹಾಬಾದಿನ ಫರಸಿಕಲ್ಲನ್ನು ಕಾಣದ ಊರು ಕರ್ಣಾಟಕದಲ್ಲಿ ವಿರಳ. ನಮ್ಮ ಹಿರಿಯರು ಈ ಸೀಮೆಯಲ್ಲಿ ಕಲ್ಲನ್ನು ನೆಲಕ್ಕೆ ಹಾಸಿ ಸುಮ್ಮನಾಗಲಿಲ್ಲ. ಹೇಳಬೇಕಾದ ಮಾತನ್ನು ಅದರ ಮೇಲೆ ಕೆತ್ತಿಯೂ ಇಟ್ಟರು. ಅಂತಹ ಒಂದು ಕಲ್ಲಿನಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ.

ಚಿತ್ತಾಪುರದ ಸಮೀಪದಲ್ಲಿ ನಾಗಾವಿ ಎಂಬ ಸ್ಥಳವಿದೆ. ಅಲ್ಲಿಯ ಶಾಸನಗಳನ್ನು ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯವರು 1928ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವುಗಳಲ್ಲಿ ಕ್ರಿ. ಶ. 1058ರ ಶಾಸನವೊಂದು ವಿದ್ಯಾಭಿಮಾನಿಗಳೆಲ್ಲರೂ ತಿಳಿದಿರತಕ್ಕದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಮಂತ್ರಿಯಾದ ಮಧುಸೂದನನು ಇಲ್ಲಿ ಘಟಿಕಾಶಾಲೆಯೊಂದನ್ನು ಕಟ್ಟಿಸಿದನು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು. ಅವರಿಗೆ ಪಾಠ ಹೇಳುವ ಉಪಾಧ್ಯಾಯರು. ಇವರೆಲ್ಲರ ಜೊತೆಗೆ 6 ಮಂದಿ ಸರಸ್ವತೀಭಂಡಾರಿಗರು. ಸರಸ್ವತೀಭಂಡಾರವೆಂದರೆ ಪುಸ್ತಕಾಲಯ, ಸರಸ್ವತೀಭಂಡಾರಿಗರೆಂದರೆ ಅದರ ಪಾಲಕರು. ಪುಸ್ತಕಗಳನ್ನು ಕಾಯುವುದೇ ಒಂದು ವೃತ್ತಿಯೆಂದೂ, ಅದಕ್ಕೆ ಆರು ಜನರು ಬೇಕೆಂದೂ ಸುಮಾರು ಒಂಬೈನೂರ ಎಪ್ಪತ್ತು ವರ್ಷಗಳ ಹಿಂದೆಯೇ ಈ ನಾಡಿನವರು ನಿಶ್ಚಯಿಸಿದ್ದರು.

ಇದನ್ನು ಓದಿದಾಗ ಮನಸ್ಸಿಗೆ ಮೊದಲು ಹೆಮ್ಮೆಯಾಗುತ್ತದೆ. ಆ ಮೇಲೆ ಒಂದು ಪ್ರಶ್ನೆಯೇಳುತ್ತದೆ. ಆರು ಜನರ ಕಾವಲಿನಲ್ಲಿದ್ದ ಆ ಓಲೆಗಳೆಲ್ಲಿ? ಇದು ನಾಗಾವಿಯ ಭಂಡಾರದ್ದು ಎಂದು ಎತ್ತಿ ತೋರಿಸಲು ಒಂದು ಗರಿಯೂ ನಮ್ಮ ಕೈಯಲ್ಲಿಲ್ಲ. ಭಂಡಾರಿಗರ ಲೆಕ್ಕವನ್ನು ಹೇಳುವ ಕಲ್ಲು ಉಳಿಯಿತು, ಭಂಡಾರ ಉಳಿಯಲಿಲ್ಲ. ಹೀಗೇಕಾಯಿತೆಂಬುದನ್ನು ವಿಚಾರಿಸುವುದಕ್ಕೆ, ಇದಕ್ಕೆ ತೀರ ವಿಪರೀತವಾದ ಗತಿಯನ್ನು ಪಡೆದ ಇನ್ನೊಂದು ಜನಾಂಗದ ಚರಿತ್ರೆಯನ್ನು ನೋಡುವುದು ಒಳ್ಳೆಯದು. ಯೆಹೂದ್ಯರ ಕಲ್ಲುಕಟ್ಟಡಗಳು ಮೇಲಿಂದ ಮೇಲೆ ನಾಶವಾದುವು. ಅವರ ಓಲೆ ಮಾತ್ರ ಉಳಿಯಿತು. ಅಷ್ಟೇ ಅಲ್ಲ, ಅವರ ಓಲೆಗಳೊಡನೆ ನಮ್ಮ ನಾಡಿನ ಕೆಲವರ ಹೆಸರುಗಳೂ ಉಳಿದುಬಂದಿವೆ.

ಯೆಹೂದ್ಯರ ಧರ್ಮಕ್ಕೆ ಪ್ರಾಚೀನಕಾಲದಲ್ಲಿ ಕೇಂದ್ರವಾಗಿದ್ದುದು ಯೆರೂಸಲೇಮಿನ ದೇವಾಲಯ. ಅಲ್ಲಿ ಯಾಜಕರಿದ್ದರು, ಬಲಿಪೀಠವಿದ್ದಿತು, ನಿತ್ಯವೂ ಬಲಿಯರ್ಪಣೆ ನಡೆಯುತ್ತಿದ್ದಿತು. ಕ್ರಿ. ಪೂ. 586ರ ಸುಮಾರಿನಲ್ಲಿ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ನಗರವನ್ನು ಹಿಡಿದು ದೇವಾಲಯವನ್ನು ಸುಟ್ಟು, ಜನರಲ್ಲಿ ಮುಖ್ಯರಾದವರನ್ನು ಸೆರೆಯೊಯ್ದನು. ದೇವಾಲಯವಿಲ್ಲದ ಮೇಲೆ ಪೂಜೆಯೆಲ್ಲಿ? ಪರದೇಶದಲ್ಲಿ ದೇವರ ಹೆಸರನ್ನು ಹೇಳುವ ಬಗೆ ಹೇಗೆ? ಆ ಸೆರೆಯ ಕಾಲದಲ್ಲಿಯೂ ಅದರ ಮುಂದಿನ ತಲೆಮಾರುಗಳಲ್ಲಿಯೂ ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಗ್ರಂಥ. ತಮ್ಮ ಪೂರ್ವಿಕರ ಕಥೆಗಳನ್ನೂ ವಿಧಿನಿಷೇಧಗಳನ್ನೂ ಪ್ರವಾದಿಗಳ ನುಡಿಗಳನ್ನೂ ಅವರು ಸಂಗ್ರಹಿಸಿ, ತಿದ್ದಿ, ತೊಗಲಿನ ಸುರುಳಿಗಳಲ್ಲಿ ಬರೆದಿಟ್ಟರು. ಪಾರಸೀಕ ಚಕ್ರವರ್ತಿ ಕೋರೆಷನ ಅಪ್ಪಣೆಯಿಂದ ಕೆಲವರು ಹಿಂದಿರುಗಿ ಕ್ರಿ. ಪೂ. 515ರ ವೇಳೆಗೆ ಎರಡನೆಯ ದೇವಾಲಯವನ್ನು ಕಟ್ಟಿದರಾದರೂ, ಅಷ್ಟರೊಳಗೆ ಗ್ರಂಥವು ದೇವಾಲಯಕ್ಕೆ ಸರಿಸಮನಾದ ಗೌರವಕ್ಕೆ ಏರತೊಡಗಿತ್ತು.

ನೆಹೆಮೀಯನ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ಪ್ರಸಂಗವಿದೆ. ಎಜ್ರನೆಂಬ ಶಾಸ್ತ್ರಿಯು ಧರ್ಮಶಾಸ್ತ್ರದ ಸುರುಳಿಯನ್ನು ತಂದು, ನೀರುಬಾಗಿಲಿನ ಮುಂದಣ ಬಯಲಿನಲ್ಲಿ, ಮರದ ಅಟ್ಟಣೆಯ ಮೇಲೆ ನಿಂತು, ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ. ಕೇಳುತ್ತಿರುವವರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ, ತಿಳಿವಳಿಕೆ ಬಂದ ಮಕ್ಕಳೂ ಇದ್ದಾರೆ. ಲೇವಿಯರು ಜನರ ನಡುವೆ ನಿಂತು ಅರ್ಥ ಹೇಳುತ್ತಾರೆ. ಇಲ್ಲಿ ಬಲಿಯಿಲ್ಲ, ಗರ್ಭಗುಡಿಯಿಲ್ಲ; ಓದುವವನೊಬ್ಬ, ಅರ್ಥ ಹೇಳುವವರು ಕೆಲವರು, ಕೇಳುವವರು ಊರೆಲ್ಲ. ನಮ್ಮಲ್ಲಿ ಗದುಗಿನ ಭಾರತವನ್ನು ಒಬ್ಬರು ವಾಚಿಸಿ ಮತ್ತೊಬ್ಬರು ವ್ಯಾಖ್ಯಾನ ಮಾಡುವ ಸಂಪ್ರದಾಯವನ್ನು ಬಲ್ಲವರಿಗೆ ಈ ಚಿತ್ರವು ಅಪರಿಚಿತವೆನಿಸಲಾರದು. ಮುಂದೆ ಸಭಾಮಂದಿರವೆಂದು ಹೆಸರಾದ ಸಂಸ್ಥೆಯ ಬೀಜವು ಇಂತಹ ಕೂಟಗಳಲ್ಲಿದೆಯೆಂದು ವಿದ್ವಾಂಸರು ಹೇಳುತ್ತಾರೆ.

ಸಿನಗಾಗ್ ಎಂಬುದು ಗ್ರೀಕ್ ಶಬ್ದ. ಅದರ ಮೂಲಾರ್ಥವು ಕಟ್ಟಡವಲ್ಲ, ಕೂಟ. ಜನರು ಸೇರುವುದು ಮೊದಲು, ಮನೆ ಆಮೇಲೆ. ಮನೆಯಿದ್ದುದಕ್ಕೆ ನಮಗೆ ಸಿಕ್ಕಿರುವ ಅತಿ ಪ್ರಾಚೀನವಾದ ಲಿಖಿತಾಧಾರವು ಯೆರೂಸಲೇಮಿನದಲ್ಲ, ಐಗುಪ್ತ ದೇಶದ್ದು. ಕ್ರಿ. ಪೂ. 246ರಿಂದ 221ರವರೆಗೆ ಆಳಿದ ಮೂರನೆಯ ಟಾಲೆಮಿಯ ಮತ್ತು ಅವನ ರಾಣಿ ಬೆರೆನೀಕೆಯ ಶ್ರೇಯಸ್ಸಿಗಾಗಿ ಯೆಹೂದ್ಯರು ಪ್ರಾರ್ಥನಾಗೃಹವನ್ನು ಅರ್ಪಿಸಿದರೆಂದು ಅಲ್ಲಿಯ ಶಿಲಾಲೇಖಗಳು ತಿಳಿಸುತ್ತವೆ. ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಧರ್ಮಶಾಸ್ತ್ರವು ಗ್ರೀಕ್ ಭಾಷೆಗೆ ಪರಿವರ್ತನವಾಯಿತು. ಇವೆರಡೂ ಒಟ್ಟಿಗೆ ನಡೆದುದು ಆಕಸ್ಮಿಕವಲ್ಲ. ದೇವಾಲಯವು ದೂರವಾಗಿದ್ದವರಿಗೆ ಸೇರಲು ಒಂದು ಮನೆಯೂ, ತಿಳಿಯುವ ಭಾಷೆಯಲ್ಲಿ ಒಂದು ಗ್ರಂಥವೂ ಬೇಕಾಗಿದ್ದುವು.

ಈ ಕಾಲದ ಒಂದು ಕೃತಿಯನ್ನು ಇಲ್ಲಿ ಹೆಸರಿಸಬೇಕು. ಮುಂದೆ ಅದು ನಮಗೆ ಮತ್ತೆ ಬೇಕಾಗುತ್ತದೆ. ಕ್ರಿ. ಪೂ. 180ರ ಸುಮಾರಿನಲ್ಲಿ ಯೆರೂಸಲೇಮಿನ ಬೆನ್ ಸಿರಾ ಎಂಬ ಪಂಡಿತನು ಹೀಬ್ರೂ ಭಾಷೆಯಲ್ಲಿ ಒಂದು ನೀತಿಗ್ರಂಥವನ್ನು ರಚಿಸಿದನು. ಗೆಳೆತನ, ಸಾಲ, ಔತಣ, ವೈದ್ಯ, ಮಕ್ಕಳ ಶಿಕ್ಷಣ ಮೊದಲಾದ ಲೋಕವ್ಯವಹಾರಗಳನ್ನೂ, ನೇಗಿಲು ಹಿಡಿದವನು, ಕಮ್ಮಾರ, ಕುಂಬಾರ ಇವರ ಕಸುಬುಗಳನ್ನೂ ಅದು ಹೇಳುತ್ತದೆ. ಕೊನೆಯಲ್ಲಿ ವಿದ್ಯಾರ್ಥಿಗಳನ್ನು ತನ್ನ ಪಾಠಗೃಹಕ್ಕೆ ಕರೆಯುತ್ತದೆ. ಅವನ ಮೊಮ್ಮಗನು ಐಗುಪ್ತಕ್ಕೆ ಹೋಗಿ ನೆಲಸಿ, ಕ್ರಿ. ಪೂ. 132ರ ಅನಂತರ ಅಜ್ಜನ ಗ್ರಂಥವನ್ನು ಗ್ರೀಕಿಗೆ ತಿರುಗಿಸಿದನು. ಹೀಬ್ರೂವಿನಲ್ಲಿ ಹೇಳಿದ ಮಾತು ಬೇರೆ ಭಾಷೆಗೆ ಬಂದಾಗ ಅದೇ ಬಲವನ್ನು ಉಳಿಸಿಕೊಳ್ಳುವುದಿಲ್ಲವೆಂದು ಅವನು ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ಭಾಷಾಂತರಕಾರರ ವಿನಯಕ್ಕೆ ಇಷ್ಟು ಹಳೆಯ ನಿದರ್ಶನಗಳು ಹೆಚ್ಚಾಗಿ ಸಿಕ್ಕುವುದಿಲ್ಲ.

ಯೆರೂಸಲೇಮಿನಲ್ಲಿ ಎರಡನೆಯ ದೇವಾಲಯವು ನಿಂತಿದ್ದಾಗಲೇ ಅದರ ಪಕ್ಕದಲ್ಲಿ ಸಭಾಮಂದಿರಗಳೂ ಇದ್ದುವು. 1913-14ರಲ್ಲಿ ಅಲ್ಲಿ ಅಗೆಯುತ್ತಿದ್ದಾಗ ಗ್ರೀಕ್ ಭಾಷೆಯ ಒಂದು ಶಾಸನವು ದೊರೆಯಿತು. ವೆತ್ತೇನನ ಮಗನಾದ ಥಿಯೊಡೋಟಸ್ ಎಂಬ ಯಾಜಕನು, ತಾನೂ ಸಭಾಮಂದಿರದ ಅಧ್ಯಕ್ಷ, ತನ್ನ ತಂದೆಯೂ ಅಜ್ಜನೂ ಅಧ್ಯಕ್ಷರಾಗಿದ್ದರು ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಮಂದಿರವನ್ನು ಕಟ್ಟಿಸಿದ ಉದ್ದೇಶವನ್ನೂ ಎಣಿಸಿದ್ದಾನೆ. ಧರ್ಮಶಾಸ್ತ್ರವನ್ನು ಓದುವುದು, ಆಜ್ಞೆಗಳನ್ನು ಬೋಧಿಸುವುದು, ಪರದೇಶದಿಂದ ಬಂದವರಿಗೆ ಛತ್ರ, ಕೊಠಡಿ, ನೀರಿನ ಅನುಕೂಲ. ಪ್ರಾರ್ಥನೆಯ ಹೆಸರನ್ನೇ ಅವನು ಎತ್ತಿಲ್ಲ. ಓದು, ಬೋಧನೆ, ಆತಿಥ್ಯ ಇವೇ ಮೂರು. ಮಧುಸೂದನನ ಘಟಿಕಾಶಾಲೆಯ ಶಾಸನವನ್ನೂ ಥಿಯೊಡೋಟಸನ ಶಾಸನವನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದರೆ, ಸಾವಿರ ವರ್ಷಗಳ ಅಂತರವಿದ್ದರೂ ಇಬ್ಬರು ದಾನಿಗಳೂ ಒಬ್ಬರ ಮಾತನ್ನೊಬ್ಬರು ಅರ್ಥಮಾಡಿಕೊಳ್ಳುತ್ತಿದ್ದರೆಂದು ತೋರುತ್ತದೆ.

ಆ ಕಾಲದ ಸಭಾಮಂದಿರಗಳ ಅವಶೇಷಗಳು ಗಮ್ಲಾ, ಮಸಾದಾ ಮೊದಲಾದ ಸ್ಥಳಗಳಲ್ಲಿ ಕಂಡುಬಂದಿವೆ. 2009ರಲ್ಲಿ ಮಗ್ದಲದಲ್ಲಿಯೂ ಒಂದು ಹೊರಬಿದ್ದಿತು. ಇವುಗಳ ರಚನೆ ಸರಳವಾದುದು. ನಾಲ್ಕು ಗೋಡೆಗಳ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಜಗಲಿಗಳು, ನಡುವೆ ಬರಿಯ ಅಂಗಳ, ಮಾಡನ್ನು ಹೊರಲು ಕಂಬಗಳು. ಕುಳಿತವರ ಮುಖವೆಲ್ಲ ನಡುವಿನ ಓದುಗನ ಕಡೆಗೆ. ಅಷ್ಟೇ ಏಕೆ, ಒಬ್ಬರ ಮುಖ ಒಬ್ಬರ ಕಡೆಗೆ. ದೇವಾಲಯದಲ್ಲಿ ಯಾಜಕನ ವಂಶದವನಿಗೆ ಮಾತ್ರ ಅಧಿಕಾರ. ಇಲ್ಲಿ ಓದಬಲ್ಲ ರೈತನಿಗೂ ಕಮ್ಮಾರನಿಗೂ ಸುರುಳಿಯನ್ನು ಕೈಗೆ ಕೊಡಬಹುದಾಗಿತ್ತು.

ಕ್ರಿ. ಶ. 70ರಲ್ಲಿ ರೋಮಿನ ಸೇನಾಪತಿ ಟೈಟಸನು ಎರಡನೆಯ ದೇವಾಲಯವನ್ನೂ ಸುಟ್ಟನು. ಅದು ಮತ್ತೆ ಏಳಲಿಲ್ಲ. ಬಲಿಕರ್ಮವೇ ಧರ್ಮವಾಗಿದ್ದ ಪಕ್ಷದಲ್ಲಿ ಯೆಹೂದ್ಯರ ಧರ್ಮವು ಅಂದೇ ಮುಗಿಯಬೇಕಾಗಿತ್ತು. ಆದರೆ ಜಗಲಿಗಳ ಮೇಲೆ ಕುಳಿತು ಕೇಳುವ ಅಭ್ಯಾಸವು ಅಷ್ಟರೊಳಗೆ ಮುನ್ನೂರು ವರ್ಷಗಳಷ್ಟಾದರೂ ಹಳೆಯದಾಗಿತ್ತು. ಆ ಅಭ್ಯಾಸವೇ ಅವರನ್ನು ಎತ್ತಿಹಿಡಿಯಿತು. ಬಾಯಿಂದ ಬಾಯಿಗೆ ಬರುತ್ತಿದ್ದ ಧರ್ಮನಿರ್ಣಯಗಳನ್ನು ಕ್ರಿ. ಶ. 200ರ ಸುಮಾರಿನಲ್ಲಿ ಗಲಿಲಾಯದಲ್ಲಿ ಯೆಹೂದ ಹನ್ನಾಸಿ ಎಂಬ ಆಚಾರ್ಯನು ಮಿಷ್ನಾ ಎಂಬ ಹೆಸರಿನಿಂದ ಅಳವಡಿಸಿದನು. ಅದರ ಮೇಲೆ ಪಲೆಸ್ತೀನದಲ್ಲೊಂದು, ಬಾಬಿಲೋನಿನಲ್ಲೊಂದು, ಹೀಗೆ ಎರಡು ತಾಲ್ಮೂದುಗಳು ಬೆಳೆದುವು. ಸೂತ್ರಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ ಎಂಬ ನಮ್ಮ ಶಾಸ್ತ್ರಪರಂಪರೆಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕಟ್ಟಡವೂ ಬದಲಾಯಿತು. ಸುರುಳಿಗಳನ್ನು ಇಡುವುದಕ್ಕೆ ಗೋಡೆಯಲ್ಲಿ ಯೆರೂಸಲೇಮಿನ ದಿಕ್ಕಿಗೆ ಒಂದು ಗೂಡು ಏರ್ಪಟ್ಟಿತು. ಯೂಫ್ರಟೀಸ್ ನದಿಯ ದಡದ ದುರಾ ಯುರೋಪಸಿನಲ್ಲಿ 1932ರಲ್ಲಿ ಬೆಳಕಿಗೆ ಬಂದ, ಕ್ರಿ. ಶ. 244-45ರ ಸಭಾಮಂದಿರದಲ್ಲಿ ಈ ಗೂಡನ್ನು ಕಾಣುತ್ತೇವೆ. ಅದರ ಸುತ್ತ ಗೋಡೆಗಳ ತುಂಬ ಧರ್ಮಗ್ರಂಥದ ಕಥೆಗಳ ವರ್ಣಚಿತ್ರಗಳಿವೆ. ವಿಗ್ರಹಗಳನ್ನು ಒಲ್ಲದ ಜನರು ಚಿತ್ರಗಳನ್ನೂ ಒಲ್ಲರೆಂದು ಭಾವಿಸಿದ್ದ ಪಂಡಿತರಿಗೆ ಇದು ಆಶ್ಚರ್ಯವನ್ನುಂಟುಮಾಡಿತು. ಬೇತ್ ಆಲ್ಫಾ ಎಂಬಲ್ಲಿ ಆರನೆಯ ಶತಮಾನದ ಸಭಾಮಂದಿರದ ನೆಲದಲ್ಲಿ ಬಣ್ಣದ ಕಲ್ಲುಚೂರುಗಳಿಂದ ಹನ್ನೆರಡು ರಾಶಿಗಳ ಚಕ್ರವನ್ನೂ, ನಡುವೆ ನಾಲ್ಕು ಕುದುರೆಗಳ ರಥದಲ್ಲಿ ಸೂರ್ಯನನ್ನೂ ರಚಿಸಿದ್ದಾರೆ.

ಆದರೆ ಚಿತ್ರಕ್ಕೂ ಕಲ್ಲಿಗೂ ಇದ್ದ ಬೆಲೆ ಎಷ್ಟೆಂಬುದನ್ನು ಮಿಷ್ನಾದ ಒಂದು ನಿಬಂಧನೆ ತಿಳಿಸುತ್ತದೆ. ಊರವರು ತಮ್ಮ ಸಭಾಮಂದಿರವನ್ನು ಮಾರಿದರೆ ಆ ಹಣದಿಂದ ಸುರುಳಿಯ ಪೆಟ್ಟಿಗೆಯನ್ನು ಕೊಳ್ಳಬಹುದು; ಪೆಟ್ಟಿಗೆಯನ್ನು ಮಾರಿದರೆ ಸುರುಳಿಯ ವಸ್ತ್ರಗಳನ್ನು; ವಸ್ತ್ರಗಳನ್ನು ಮಾರಿದರೆ ಗ್ರಂಥಗಳನ್ನು; ಗ್ರಂಥಗಳನ್ನು ಮಾರಿದರೆ ಧರ್ಮಶಾಸ್ತ್ರದ ಸುರುಳಿಯನ್ನು. ಹಿಂದುಮುಂದಾಗಿ ಮಾತ್ರ ಮಾಡಕೂಡದು. ಅಂದರೆ ಗ್ರಂಥಕ್ಕಾಗಿ ಕಟ್ಟಡವನ್ನು ಮಾರಬಹುದು. ಕಟ್ಟಡಕ್ಕಾಗಿ ಗ್ರಂಥವನ್ನು ಮಾರಲಾಗದು. ಒಂದು ಜನಾಂಗವು ಯಾವುದನ್ನು ಮೇಲೆಂದು ಎಣಿಸಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ಇದೇ ಭಾವನೆಯಿಂದ ಇನ್ನೊಂದು ಆಚಾರವೂ ಹುಟ್ಟಿತು. ಸವೆದು ಹರಿದ ಸುರುಳಿಯನ್ನು ಸುಡುವಂತಿಲ್ಲ, ಬೀದಿಗೆ ಎಸೆಯುವಂತಿಲ್ಲ. ಅದನ್ನು ಮಣ್ಣಿನ ಪಾತ್ರೆಯಲ್ಲಿಟ್ಟು, ವಿದ್ವಾಂಸನೊಬ್ಬನ ಸಮಾಧಿಯ ಪಕ್ಕದಲ್ಲಿ ಹೂಳಬೇಕೆಂದು ತಾಲ್ಮೂದು ವಿಧಿಸುತ್ತದೆ. ಹೂಳುವ ತನಕ ಅಂತಹ ಪತ್ರಗಳನ್ನು ಕೂಡಿಡುವ ಕೋಣೆಗೆ ಗೆನಿಜಾ ಎಂದು ಹೆಸರು. ಈ ಶಬ್ದವು ಪಾರಸೀಕ ಮೂಲದ್ದು. ಭಂಡಾರ ಎಂದು ಅರ್ಥ. ಸಂಸ್ಕೃತದ ಗಂಜವೂ, ಪಾರಸಿಯ ಗಂಜ್ ಎಂಬುದೂ ಇದಕ್ಕೆ ನೆಂಟರು. ಕಲಬುರಗಿಯಲ್ಲಿ ಧಾನ್ಯದ ಪೇಟೆಯನ್ನು ಗಂಜ್ ಎಂದು ಕರೆಯುವವರೆಲ್ಲರೂ ಗೆನಿಜಾದ ಅರ್ಧವನ್ನು ಆಗಲೇ ಉಚ್ಚರಿಸುತ್ತಿದ್ದಾರೆ. ಅವರ ಗಂಜಿನಲ್ಲಿ ಜೋಳವೂ ತೊಗರಿಯೂ ಇರುವಂತೆ ಯೆಹೂದ್ಯರ ಗಂಜಿನಲ್ಲಿ ಹರಕು ಕಾಗದವಿದ್ದಿತು.

ಐಗುಪ್ತದ ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಸಭಾಮಂದಿರವಿದೆ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಖಲೀಫ ಹಾಕಿಮನ ಆಳ್ವಿಕೆಯಲ್ಲಿ ಅದು ನೆಲಸಮವಾಗಿ, ಕೆಲವು ವರ್ಷಗಳಲ್ಲಿ ಮತ್ತೆ ಎದ್ದಿತು. ಅದರ ಒಂದು ಮೂಲೆಯಲ್ಲಿ ಕಿಟಕಿಯಿಲ್ಲದ ಕೋಣೆ; ಗೋಡೆಯಲ್ಲಿ ಎತ್ತರದಲ್ಲೊಂದು ಕಿಂಡಿ; ಏಣಿ ಹತ್ತಿ ಕಾಗದವನ್ನು ಒಳಕ್ಕೆ ಹಾಕಬೇಕು. ಬೇರೆಡೆಯ ಗೆನಿಜಾಗಳನ್ನು ಆಗಾಗ್ಗೆ ಬರಿದುಮಾಡಿ ಹೂಳುತ್ತಿದ್ದರು. ಇಲ್ಲಿ ಹಾಕುತ್ತ ಹೋದರೇ ಹೊರತು ತೆಗೆಯಲಿಲ್ಲ. ಇಲ್ಲಿಯವರು ಶಾಸ್ತ್ರಗ್ರಂಥಗಳ ಜೊತೆಗೆ ಹೀಬ್ರೂ ಅಕ್ಷರದಲ್ಲಿ ಬರೆದ ಯಾವ ಕಾಗದವನ್ನಾಗಲಿ ಅಲ್ಲಿಗೇ ಹಾಕುತ್ತಿದ್ದರು. ಮದುವೆಯ ಕರಾರು, ವ್ಯಾಪಾರದ ಲೆಕ್ಕ, ಸಾಲದ ಪತ್ರ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಎಲ್ಲವೂ ದೇವರ ಲಿಪಿಯೆಂಬ ಗೌರವದಿಂದ ಒಳಗೆ ಸೇರಿದುವು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶದ ಯಾತ್ರೆಯಲ್ಲಿ ಕೊಂಡ ಕೆಲವು ಹಳೆಯ ಹಾಳೆಗಳನ್ನು ಕೇಂಬ್ರಿಡ್ಜಿನ ಪಂಡಿತ ಸಾಲೊಮನ್ ಷೆಕ್ಟರನಿಗೆ ತೋರಿಸಿದರು. ಅವುಗಳಲ್ಲಿ ಒಂದನ್ನು ನೋಡುತ್ತಲೇ ಅವನು ಚಕಿತನಾದನು. ಅದು ಬೆನ್ ಸಿರಾನ ನೀತಿಗ್ರಂಥದ ಹೀಬ್ರೂ ಮೂಲ. ಮೊಮ್ಮಗನ ಗ್ರೀಕ್ ಅನುವಾದವು ಉಳಿದಿತ್ತು. ಅಜ್ಜನ ಮಾತು ಶತಮಾನಗಳಿಂದ ಕಣ್ಮರೆಯಾಗಿತ್ತು. ಷೆಕ್ಟರನು ಅದೇ ವರ್ಷ ಕೈರೋ ನಗರಕ್ಕೆ ಹೋಗಿ, ಸಭಾಮಂದಿರದವರ ಅನುಮತಿಯನ್ನು ಪಡೆದು, ಧೂಳು ತುಂಬಿದ ಆ ಕೋಣೆಗೆ ಇಳಿದು, ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಡ್ಜಿಗೆ ಸಾಗಿಸಿದನು. ಅವುಗಳಲ್ಲಿ ಒಂದು ಪ್ರಾಚೀನ ಪಂಗಡದ ನಿಯಮಗ್ರಂಥವೂ ಇದ್ದಿತು. ಅವನು ಅದನ್ನು 1910ರಲ್ಲಿ ಅಚ್ಚು ಹಾಕಿಸಿದನು. ಅದರ ಪ್ರಾಚೀನತೆಯನ್ನು ಕೆಲವರು ಸಂದೇಹಿಸಿದರು. 1947ರಿಂದ ಮುಂದೆ ಮೃತಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳು ದೊರೆತಾಗ ಅದೇ ಗ್ರಂಥದ ತುಣುಕುಗಳು ಅಲ್ಲಿಯೂ ಕಂಡುಬಂದುವು. ಬೆನ್ ಸಿರಾನ ಗ್ರಂಥದ ಒಂದು ಭಾಗವು 1964ರಲ್ಲಿ ಮಸಾದಾ ಕೋಟೆಯಲ್ಲಿ ಸಿಕ್ಕಿ, ಫುಸ್ತಾತಿನ ಹಾಳೆಗಳು ಮುಖ್ಯವಾಗಿ ಮೂಲವನ್ನೇ ಉಳಿಸಿಕೊಂಡಿದ್ದುವೆಂಬುದನ್ನು ಸ್ಥಿರಪಡಿಸಿತು. ಸಾವಿರ ವರ್ಷಗಳ ಕಾಲ ಒಬ್ಬರಾದ ಮೇಲೊಬ್ಬರು ಮಾಡಿದ ನಕಲು ಅಷ್ಟು ವಿಶ್ವಾಸಾರ್ಹವಾಗಿತ್ತು.

ಇಷ್ಟು ದೂರದ ಕಥೆಗೂ ನಮ್ಮ ನಾಡಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಹಳೆಯದು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ಒಂದು ಕಾಲದಲ್ಲಿ ಮಾನ್ಯಖೇಟವಾಗಿ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿದ್ದುದು ಎಲ್ಲರಿಗೂ ಗೊತ್ತಿದೆ. ವಲ್ಲಭರಾಜನೆಂಬ ರಾಷ್ಟ್ರಕೂಟರ ಬಿರುದನ್ನು ಅರಬ್ಬರು ಬಲ್ಹರನೆಂದು ಕರೆದರು. ಒಂಬತ್ತನೆಯ ಶತಮಾನದ ಇಬ್ನ್ ಖುರ್ದಾದ್‌ಬಿಹ್ ಎಂಬ ಗ್ರಂಥಕಾರನು ಮಾರ್ಗಗಳನ್ನೂ ರಾಜ್ಯಗಳನ್ನೂ ಕುರಿತ ತನ್ನ ಗ್ರಂಥದಲ್ಲಿ ಹಿಂದ್ ದೇಶದ ಅರಸರಲ್ಲಿ ಬಲ್ಹರನೇ ದೊಡ್ಡವನೆಂದು ಬರೆದಿದ್ದಾನೆ. ಅದೇ ಗ್ರಂಥದಲ್ಲಿ, ರಾಧಾನಿಯರೆಂಬ ಯೆಹೂದ್ಯ ವರ್ತಕರು ಅರಬ್ಬಿ, ಪಾರಸಿ, ಗ್ರೀಕ್ ಮುಂತಾದ ಭಾಷೆಗಳನ್ನಾಡುತ್ತ, ಪಶ್ಚಿಮದಿಂದ ಸಿಂಧ್ ಹಿಂದ್ ದೇಶಗಳವರೆಗೂ ಚೀಣದವರೆಗೂ ಹೋಗಿ ಕಸ್ತೂರಿ ಕರ್ಪೂರಗಳನ್ನು ಒಯ್ಯುತ್ತಿದ್ದರೆಂದೂ ಹೇಳಿದ್ದಾನೆ. ಮಾನ್ಯಖೇಟದ ಅರಸನೂ ಯೆಹೂದ್ಯ ವರ್ತಕನೂ ಒಂದೇ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಮುಂದಿನ ಸಂಬಂಧವನ್ನು ಫುಸ್ತಾತಿನ ಗೆನಿಜಾವೇ ತೋರಿಸಿಕೊಟ್ಟಿದೆ. ಆ ತುಣುಕುಗಳಲ್ಲಿ ಹಿಂದೂ ಸಮುದ್ರದ ವ್ಯಾಪಾರಕ್ಕೆ ಸಂಬಂಧಿಸಿದ ಕಾಗದಗಳನ್ನು ಎಸ್. ಡಿ. ಗೊಯಿಟೈನ್ ಎಂಬ ವಿದ್ವಾಂಸನು ಹಲವು ದಶಕಗಳ ಕಾಲ ಆರಿಸಿ ಓದಿದನು. ಅವುಗಳಲ್ಲಿ ಒಬ್ಬನ ಕಾಗದಗಳು ವಿಶೇಷವಾಗಿವೆ. ಅವನು ಆಫ್ರಿಕದ ಉತ್ತರತೀರದ ಮಹ್ದಿಯ್ಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು. ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು, 1132ರಿಂದ 1149ರವರೆಗೆ ಬಹುಪಾಲು ಅಲ್ಲಿಯೇ ವ್ಯಾಪಾರ ನಡೆಸಿದನು. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. 1132ನೆಯ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವು ಮಂಗಳೂರಿನಲ್ಲಿ ಬರೆದುದು. ಅವಳನ್ನೇ ಅವನು ಮದುವೆಯಾದನೆಂದು ವಿದ್ವಾಂಸರು ಊಹಿಸುತ್ತಾರೆ. ಅವನ ಮಗಳು 1156ರಲ್ಲಿ ಫುಸ್ತಾತಿನಲ್ಲಿ ತನ್ನ ದೊಡ್ಡಪ್ಪ ಚಿಕ್ಕಪ್ಪಂದಿರ ಪೈಕಿ ಒಬ್ಬರ ಮಗನನ್ನು ಮದುವೆಯಾದಳು.

ಮಂಗಳೂರಿನಿಂದ ಅಡಿಕೆ, ಮೆಣಸು, ಕಬ್ಬಿಣಗಳು ಏಡನಿಗೆ ಹೋಗುತ್ತಿದ್ದುವು. ಬೆನ್ ಯಿಜು ಕಂಚಿನ ಕಾರ್ಖಾನೆಯೊಂದನ್ನೂ ಇಟ್ಟಿದ್ದನು. ಏಡನಿನ ಸ್ನೇಹಿತರು ತಾಮ್ರವನ್ನೂ ಒಡಕು ಪಾತ್ರೆಗಳನ್ನೂ ಕಳಿಸಿ, ಇಂಥ ಅಳತೆಯ ತಟ್ಟೆ, ಇಂಥ ಆಕಾರದ ದೀಪ ಮಾಡಿಸಿ ಕಳುಹಿಸೆಂದು ಬರೆಯುತ್ತಿದ್ದರು. ನಮ್ಮ ಕಂಚುಗಾರರು ಮಾಡಿಕೊಡುತ್ತಿದ್ದರು. ಅಲ್ಲಿಂದ ಉಡುಗೊರೆಯಾಗಿ ಸಕ್ಕರೆ, ದ್ರಾಕ್ಷಿ, ಸಾಬೂನುಗಳ ಜೊತೆಗೆ ಬಿಳಿಯ ಕಾಗದವೂ ಬರುತ್ತಿತ್ತು. ಓಲೆಯ ಮೇಲೆ ಬರೆಯುವ ನಾಡಿನಲ್ಲಿ ಕಾಗದವು ದುರ್ಲಭ. ಆದುದರಿಂದ ಅವನು ಬಂದ ಪತ್ರಗಳ ಬೆನ್ನಿನ ಮೇಲೆಯೇ ತನ್ನ ಲೆಕ್ಕವನ್ನು ಬರೆಯುತ್ತಿದ್ದನು. ಹಾಗೆ ಬರೆದ ಚೀಟಿಗಳನ್ನೆಲ್ಲ ಊರಿಗೆ ಮರಳುವಾಗ ಕಟ್ಟಿಕೊಂಡು ಹೋದುದರಿಂದಲೇ ಅವು ಕೊನೆಗೆ ಆ ಕಿಂಡಿಯೊಳಗೆ ಬಿದ್ದುವು.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಸೇವಕನೊಬ್ಬನ ಹೆಸರು ಬರುತ್ತದೆ. ಸ್ವರಗಳನ್ನು ಬರೆಯದ ಲಿಪಿಯಾದುದರಿಂದ ಅದನ್ನು ಮೊದಲು ಬೇರೆ ವಿಧವಾಗಿ ಓದಿದ್ದರು. ಅಮಿತಾವ್ ಘೋಷರು ಈ ವಿಷಯವನ್ನು ಕುರಿತು 1992ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ವಿಚಾರಮಾಡಿ, ಅದು ಬೊಮ್ಮ ಎಂಬ ಹೆಸರೆಂದು ತೀರ್ಮಾನಿಸಿದರು. ಬ್ರಹ್ಮ ಶಬ್ದದ ತದ್ಭವವಾದ ಈ ಹೆಸರು ನಮಗೆ ಎಷ್ಟು ಪರಿಚಿತವೆಂದು ಹೇಳಬೇಕಾಗಿಲ್ಲ. ಬೊಮ್ಮನು ಯಜಮಾನನ ಸರಕನ್ನು ಒಯ್ದು ಏಡನಿಗೆ ಹೋಗಿಬರುತ್ತಿದ್ದನು. ಒಮ್ಮೆ ಅಲ್ಲಿ ಕುಡಿದು, ಹೇಳಿದ ಮಾತನ್ನು ಕೇಳದೆ, ಹಣಕ್ಕಾಗಿ ಪೀಡಿಸಿದನೆಂದು ಏಡನಿನ ವರ್ತಕಪ್ರಮುಖನಾದ ಮದ್ಮೂನನು ದೂರಿ ಬರೆದಿದ್ದಾನೆ. ವರ್ಷಗಳು ಕಳೆದಂತೆ ಆ ಕಡೆಯ ಪತ್ರಗಳಲ್ಲಿ ಬೊಮ್ಮನಿಗೂ ಪ್ರತ್ಯೇಕವಾಗಿ ನಮಸ್ಕಾರಗಳು ಬರತೊಡಗುತ್ತವೆ. ಸೇವಕನು ಗೌರವಸ್ಥನಾದುದನ್ನು ನಾವು ಕಣ್ಣಾರೆ ಕಾಣುತ್ತೇವೆ.

ಶ್ರೋತೃಗಳು ಇಲ್ಲಿ ಒಂದು ನಿಮಿಷ ಯೋಚಿಸಬೇಕು. ಆ ಕಾಲದ ನಮ್ಮ ಶಾಸನಗಳು ಅಸಂಖ್ಯಾತವಾಗಿವೆ. ಅವು ಅರಸರನ್ನೂ ದಂಡನಾಯಕರನ್ನೂ ದಾನಿಗಳನ್ನೂ ಹೇಳುತ್ತವೆ. ವೀರಗಲ್ಲುಗಳು ಸತ್ತವರನ್ನು ಹೇಳುತ್ತವೆ. ಆದರೆ ದೂರದ ಬಂದರಿನಲ್ಲಿ ಕುಡಿದು ಬೈಸಿಕೊಂಡ ಒಬ್ಬ ಆಳು, ಮುಂದೆ ನಂಬಿಕೆಯನ್ನು ಗಳಿಸಿದ ಕಥೆಯನ್ನು ಯಾವ ಕಲ್ಲೂ ಹೇಳುವುದಿಲ್ಲ. ಕಲ್ಲಿನಲ್ಲಿ ಕೆತ್ತಿಸುವುದಕ್ಕೆ ಸಂಪತ್ತು ಬೇಕು. ಬೊಮ್ಮನ ಬಾಳನ್ನು ಉಳಿಸಿದುದು ನಮ್ಮ ಗುಡಿಯಲ್ಲ, ನಮ್ಮ ಅರಮನೆಯಲ್ಲ. ಸಮುದ್ರದಾಚೆಯ ಪರಧರ್ಮದವರ ಸಭಾಮಂದಿರದ ಹರಕು ಕಾಗದದ ಕೋಣೆ.

ಇದಕ್ಕೆ ಒಂದು ಆಕ್ಷೇಪವುಂಟು. ಐಗುಪ್ತದಲ್ಲಿ ಮಳೆಯಿಲ್ಲ, ಕಾಗದ ಕೊಳೆಯುವುದಿಲ್ಲ. ನಮ್ಮಲ್ಲಿ ಮಳೆಯೂ ಗೆದ್ದಲೂ ಹುಳುವೂ ಓಲೆಯನ್ನು ಉಳಿಯಗೊಡುವುದಿಲ್ಲವೆಂದು ಹೇಳಬಹುದು. ಮಾತು ನಿಜವೇ. ಆದರೆ ಅದು ಪೂರ್ಣಸತ್ಯವಲ್ಲವೆಂಬುದಕ್ಕೆ ಬೊಮ್ಮನ ನೆರೆಯ ಮೂಡಬಿದಿರೆಯೇ ಸಾಕ್ಷಿ. ಮಳೆಗೆ ಪ್ರಸಿದ್ಧವಾದ ಆ ತುಳುನಾಡಿನ ಬಸದಿಯಲ್ಲಿ ಧವಳ, ಜಯಧವಳ ಮೊದಲಾದ ಜೈನಸಿದ್ಧಾಂತಗ್ರಂಥಗಳ ತಾಳೆಯ ಓಲೆಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳನ್ನು ಕಳೆದು ಉಳಿದುವು. ವೀರಸೇನಾಚಾರ್ಯನು ಆರಂಭಿಸಿದ್ದ ಜಯಧವಳವನ್ನು ಶಿಷ್ಯನಾದ ಜಿನಸೇನನು 837ರಲ್ಲಿ ಮುಗಿಸಿದನು. ಆ ಜಿನಸೇನನೇ ಮಾನ್ಯಖೇಟದ ಅಮೋಘವರ್ಷನು ಗುರುವೆಂದು ಪೂಜಿಸಿದವನು. ಮಾನ್ಯಖೇಟವನ್ನು 972ರಲ್ಲಿ ಪರಮಾರ ಸೀಯಕನು ಕೊಳ್ಳೆಹೊಡೆದನು; ಅಮೋಘವರ್ಷನ ಅರಮನೆ ಇಂದು ಇಲ್ಲ. ಅವನ ಗುರುವಿನ ಗ್ರಂಥವು ಮಾತ್ರ ತುಳುನಾಡಿನ ಬಸದಿಯಲ್ಲಿ ಬದುಕಿತು. ಬಹುಕಾಲ ಅದು ದರ್ಶನದ ವಸ್ತುವಾಗಿತ್ತೇ ಹೊರತು ಓದುವ ವಸ್ತುವಾಗಿರಲಿಲ್ಲ. ಷೆಕ್ಟರನು ಗೆನಿಜಾಕ್ಕೆ ಇಳಿದ ದಶಕದಲ್ಲಿಯೇ ಇಲ್ಲಿಯೂ ನಕಲಿನ ಕೆಲಸವು ಮೊದಲಾಯಿತು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳವು ಅಚ್ಚಾಗಿ ಹೊರಬರಲಾರಂಭಿಸಿತು.

ಆದುದರಿಂದ ಓಲೆ ಉಳಿಯುವುದು ಹವೆಯಿಂದ ಮಾತ್ರವಲ್ಲ, ಜನರ ಅಭ್ಯಾಸದಿಂದ. ನಾಗಾವಿಯಲ್ಲಿ ಭಂಡಾರಿಗರಿದ್ದರು; ಅವರ ಜೀವನವು ದತ್ತಿಯನ್ನು ಅವಲಂಬಿಸಿತ್ತು. ದತ್ತಿ ನಡೆಯುವ ತನಕ ಕಾವಲು ನಡೆಯುತ್ತದೆ. ಫುಸ್ತಾತಿನಲ್ಲಿ ಭಂಡಾರಿಗನೇ ಇರಲಿಲ್ಲ. ಬರೆದುದನ್ನು ಕಸದಲ್ಲಿ ಹಾಕಬಾರದೆಂಬ ಭಾವನೆಯು ಊರಿನ ಪ್ರತಿಯೊಬ್ಬನಲ್ಲಿಯೂ ಇದ್ದಿತು. ಮೂಡಬಿದಿರೆಯಲ್ಲಿ ಶ್ರುತವನ್ನು ಪೂಜಿಸುವ ಶ್ರಾವಕರಿದ್ದರು. ಅರಸನ ಕೊಡುಗೆ ದೊಡ್ಡದು. ಆದರೆ ಸಾಮಾನ್ಯರ ನಡವಳಿಕೆಯ ಆಯುಷ್ಯವು ಅದಕ್ಕಿಂತ ದೀರ್ಘವಾದುದು. ಯೆಹೂದ್ಯರ ಸಭಾಮಂದಿರದ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವು ಇದೊಂದೇ ಎಂದು ನನ್ನ ಅಭಿಪ್ರಾಯ.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಒಂದು ಓಲೆಯ ಕಟ್ಟನ್ನು ತಂದೊಪ್ಪಿಸಿದರು. ಅದನ್ನು ಬಿಚ್ಚಿ ಓದಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದಾಗ, ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ಬಂದಿತು. ಆ ಪಂಡಿತರು ಕಟ್ಟನ್ನು ಹೊಳೆಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿರಿ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಓಲೆಗಳನ್ನು ಹೊಳೆಗೆ ಬಿಡುವುದೂ, ಅಟ್ಟದ ಮೇಲಿನ ದಫ್ತರಗಳನ್ನು ತೂಕಕ್ಕೆ ಹಾಕುವುದೂ ನಮ್ಮಲ್ಲಿ ನಡೆದುಬಂದಿದೆ. ಮೋಡಿಯಲ್ಲಿಯೋ ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ ಬರೆದ ಆ ಹಳೆಯ ಜಮಾಖರ್ಚಿನ ಹಾಳೆಯಲ್ಲಿ ಇನ್ನೊಬ್ಬ ಬೊಮ್ಮನಿರಬಹುದು. ಈ ರಾತ್ರಿ ತಮ್ಮ ಮನೆಯ ಅಟ್ಟದ ಮೇಲೆ ಅಂತಹ ಕಟ್ಟೊಂದು ಇರುವುದು ಯಾರಿಗಾದರೂ ನೆನಪಿಗೆ ಬಂದರೆ, ನಾಳೆ ಬೆಳಗ್ಗೆ ಅದನ್ನು ಇಳಿಸಿ, ಧೂಳು ಕೊಡವಿ, ಓದಬಲ್ಲವರ ಕೈಗೆ ಕೊಡಿರಿ. ನಾಗಾವಿಯ ಕಲ್ಲು ಆರು ಮಂದಿ ಭಂಡಾರಿಗರ ಲೆಕ್ಕವನ್ನು ಹೇಳಿ ನಿಂತಿದೆ. ಏಳನೆಯವರ ಸ್ಥಾನವು ತೆರವಾಗಿದೆ.